ನನ್ನ ಕೈಗೆ ಚಾಲೂ ಆಗಲಾರದ ಗಾಡಿ

ನನ್ನ ಮೈದುನ ಚಾವಿ ತಿರುವಿದ, ಗಾಡಿ ಗುರ್ ಅಂತು. ಒಂದ ಸಲಕ್ಕ. ಅಂವ ಕಿಟಕಿಯಿಂದ ತಲಿ ಹೊರಗ ಹಾಕಿ, ಮಸ್ಕಿಯ ಪೆಟ್ರೋಲ್ ಬಂಕಿನಾಗ ನಿಂತ ಅಷ್ಟೂ ಮಂದಿಗೆ ಕೇಳೂ ಹಂಗ, "ನೋಡ್ರಿ ಅತ್ತಿಗಿ, ಎಲ್ಲೈತಿ ಪ್ರಾಬ್ಲಮ್ಮು? ನಿಮ್ಮ ಕೈಗುಣ ಬರವಲ್ದು ಇದಕ್ಕ, ಅಷ್ಟ" ಅಂದ. ಬಂಕಿನಾಂವ ನಕ್ಕ. ಟ್ರ್ಯಾಕ್ಟರ್ ಮ್ಯಾಲ ಕುಂತಿದ್ದ ಮುದುಕನೂ ನಕ್ಕ. ನಲವತ್ತು ನಿಮಿಷ ಬಿಸಿಲಾಗ ನಿಂತು ನಿಂತು, ಹೆಡ್ ಮಾಸ್ತರಿಗೆ ಎರಡು ಸಲ ಫೋನ್ ಮಾಡಿ ತಡ ಆಗತೈತ್ರಿ ಅಂತ ಹೇಳಿ, ಬೆವರು ಒರಿಸ್ಕೊಂಡು ನಿಂತಿದ್ದ ನನಗ ಮೈಯೆಲ್ಲ ಉರಿದು ಹೋತು.

ಆದ್ರ ಗಾಡಿ ಖರೇನ ಚಾಲೂ ಆಗಿತ್ತಲ್ಲ.

ನಮ್ಮ ಮನಿ ಸಿಂಧನೂರಿನಾಗ. ಅತ್ತಿ ಮನಿತನ ಮುಕ್ಕುಂದದ್ದು, ಅಲ್ಲಿ ಇನ್ನೂ ಭತ್ತದ ಗದ್ದಿ ಅದಾವ. ನಾನು ಪಾಮನಕಲ್ಲೂರು ಕಡೆ ಒಂದು ಹೈಸ್ಕೂಲಿನಾಗ ವಿಜ್ಞಾನ ಕಲಸ್ತೀನಿ. ಮೊದಲೆಲ್ಲ ಸಿಂಧನೂರಿಂದ ಮಸ್ಕಿಗೊಂದು ಬಸ್ಸು, ಮಸ್ಕಿಯಿಂದ ಮುಂದಕ್ಕ ಇನ್ನೊಂದು. ಎರಡನೇದು ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಬಂದ್ರೂ ಒಂಟಿ ಕಾಲ ಮ್ಯಾಲ ನಿಂತು, ಯಾರದೋ ಮೊಣಕೈ ಪಕ್ಕಿಗೆ ತಿವಿಸ್ಕೋತ ಹೋಗೂದು. ನಲವತ್ತಾರನೇ ವಯಸ್ಸಿಗೆ ನಾನು ಡ್ರೈವಿಂಗ್ ಕಲ್ತೆ. ಓಣಿಯಾಗ ಎಷ್ಟು ಮಂದಿ ನಕ್ಕಿಲ್ಲ! ನಕ್ಕೋರ ಮುಂದನ ನನ್ನ ಸಂಬಳದಾಗ ಒಂದು ಹಳೇ ಪೆಟ್ರೋಲ್ ಕಾರು ತೊಗೊಂಡು, ಗಾಜು ಇಳಿಸಿ, ಕ್ಯಾನಾಲಿನ ತಂಪು ಗಾಳಿ ಮುಖಕ್ಕ ಬಡಿಸ್ಕೋತ ಹೋಗಾಕ ಶುರು ಮಾಡಿದೆ. ಆ ಒಂದು ತಾಸು ನನ್ನದು. ಮನಿಯಾಗ, ಸಾಲಿಯಾಗ, ಅಡಗಿ ಮನಿಯಾಗ, ಇಷ್ಟು ಪೂರ್ತಿ ನನ್ನದು ಅಂತ ಇನ್ನೊಂದು ಇದ್ದಿದ್ದಿಲ್ಲ.

ಅಂಥಾ ಗಾಡಿಗೆ ಹೋದ ವರ್ಷ ಒಂದು ವಿಚಿತ್ರ ರೋಗ ಬಂತು. ಬೆಳಿಗ್ಗೆ ಮನಿ ಮುಂದ ಒಂದ ಸಲಕ್ಕ ಚಾಲೂ. ಸಂಜೀಕ ಸಾಲಿ ಬಿಟ್ಟ ಮ್ಯಾಲ ಒಂದ ಸಲಕ್ಕ ಚಾಲೂ. ನಡುವ ಮಸ್ಕಿ ಬಂಕಿನಾಗ ಪೆಟ್ರೋಲ್ ಹಾಕ್ಸಾಕ, ಗಾಲಿಗೆ ಗಾಳಿ ತುಂಬ್ಸಾಕ ಐದು ನಿಮಿಷ ಬಂದ್ ಮಾಡಿದೆನೋ, ಮುಗೀತು ಕತಿ. ಚಾವಿ ತಿರುವಿದ್ರ ಕಿರ್ ಕಿರ್ ಅಂತ ತಿರಗತೈತಿ, ತಿರಗತೈತಿ, ಹತ್ತಿಕೊಳ್ಳಂಗಿಲ್ಲ. ಮೈದುನಂದು ಮಸ್ಕಿಯಾಗ ಪೈಪಿನ ಅಂಗಡಿ ಐತಿ. ಫೋನ್ ಮಾಡ್ತಿದ್ದೆ. ಅಂವ ಗಿರಾಕಿ ಮುಗಿಸಿ, ಚಾ ಕುಡಿದು, ಬೈಕ್ ಹತ್ತಿ ನಿಧಾನಕ್ಕ ಬರ್ತಿದ್ದ. ಬಂದಾಂವ ಚಾವಿ ತಿರುವಿದ್ರ ಗುರ್!

ಒಂದು ಸಲ ಅಲ್ರಿ, ನಾಲ್ಕು ಸಲ ಹಿಂಗಾತು.

ನಮ್ಮ ಕಡೆ ಕೈಗುಣ ಅನ್ನೂದು ಸಣ್ಣ ಮಾತಲ್ಲ. ಭತ್ತದ ಸಸಿ ಮಡಿಗೆ ಬೀಜ ಚೆಲ್ಲೂದರಿಂದ ಹಿಡಿದು ಹಪ್ಪಳದ ಹಿಟ್ಟು ಕಲಸೂ ತನಕ ಯಾರ ಕೈ ಅಂತ ನೋಡ್ತಾರ. ಕೈಗುಣ ಚಲೋ ಇದ್ದಾಕಿನ್ನ ಓಣಿ ತುಂಬ ಕರಿತಾರ, ಇಲ್ಲದಾಕಿನ್ನ ಕರಿಯಂಗಿಲ್ಲ. ಬಾಯಿ ಬಿಟ್ಟು ಯಾರೂ ಏನೂ ಅನ್ನಂಗಿಲ್ಲ, ಕರಿಯಂಗಿಲ್ಲ, ಅಷ್ಟ. ನನಗ ಇದು ಗೊತ್ತಿತ್ತು. ಆದ್ರ ಕಬ್ಬಿಣದ ಗಾಡಿಗೂ ಕೈಗುಣ ಹಚ್ಚಬಹುದು ಅಂತ ಗೊತ್ತಿದ್ದಿಲ್ಲ. ಹಚ್ಚಿದ್ರು. ಮೈದುನ ಮನಿಯಾಗ ಹೇಳಿದ, ಅಂವನ ಹೆಂಡತಿ ತವರು ಮನಿಯಾಗ ಹೇಳಿದ್ಲು, ಅಲ್ಲಿಂದ ಎಲ್ಲಿಗೆ ಹೋತೋ ಯಾರಿಗೆ ಗೊತ್ತು. ಮೈದುನನ ಅಂಗಡಿಗೆ ಹೊಸ ನೀರೆತ್ತೂ ಮೋಟರಿನ ಮಾದರಿ ತಂದು ಪೂಜಿ ಮಾಡಿದ್ರು. ಬಟನ್ ಒತ್ತಾಕ ಹಿರೇ ಸೊಸಿ ಅಂತ ನಾನು ಮುಂದ ಹೋದ್ರ, "ಅತ್ತಿಗಿ, ನೀವು ಆರತಿ ಹಿಡೀರಿ, ಸಾಕು" ಅಂದ ಮೈದುನ. ನಾನು ಆರತಿ ಹಿಡಿದೆ.

ಸಾಲಿಯಾಗನೂ ಬಿಡಲಿಲ್ಲ. ಗಣಿತದ ಮಾಸ್ತರ ಒಂದಿನ, "ಮೇಡಂ, ಲ್ಯಾಬಿನ ಕೀಲಿ ನೀವು ತಗಿಬ್ಯಾಡ್ರಿ, ಜಾಮ್ ಆದೀತು" ಅಂದ. ಚ್ಯಾಷ್ಟಿಗೇ ಅಂದಿದ್ದು. ಆದ್ರ ಆ ಚ್ಯಾಷ್ಟಿ ಕೇಳಿ ನಗೂ ಹಂಗ ನಾನು ಇದ್ದಿದ್ದಿಲ್ಲ.

ಸಿಂಧನೂರಿನ ಮಿಸ್ತ್ರಿಗೆ ತೋರ್ಸಿದೆ. ಅಂವ ಬಾನೆಟ್ ಎತ್ತಿ, ನನ್ನ ಕಡೆ ಬೆನ್ನು ಮಾಡಿ, ನಮ್ಮ ಮನ್ಯಾವ್ರ ಕೂಡ ಮಾತಾಡಾಕತ್ತಿದ. ಗಾಡಿ ಹೊಡ್ಯಾಕಿ ನಾನು, ತಕರಾರು ಗೊತ್ತಿರೂದು ನನಗ. ಇವರಿಗೆ ಗೇರ್ ಎಷ್ಟಿರತಾವ ಅಂತನೂ ಗೊತ್ತಿಲ್ಲ, ಇವರು ಲಿಂಗಸುಗೂರಿಗೆ ಡ್ಯೂಟಿಗೆ ಬಸ್ಸಿನಾಗ ಹೋಗೋರು. "ಸರ್, ಮೇಡಮ್ಮೋರು ಚಾವಿ ಪೂರ್ತಿ ತಿರುವಂಗಿಲ್ಲ ಅನಸ್ತೈತಿ" ಅಂದ ಮಿಸ್ತ್ರಿ. ಇವರು ಹೌದೇನೋ ಅನ್ನೂ ಹಂಗ ಗೋಣು ಹಾಕಿದ್ರು. ಅದನ್ನ ನೋಡಿ ನನಗ ಮಿಸ್ತ್ರಿಗಿಂತ ಇವರ ಮ್ಯಾಲನ ಸಿಟ್ಟು ಬಂತು. ಬ್ಯಾಟರಿ ಹೊಸಾದು ಹಾಕಿದ. ಮುಂದಿನ ವಾರ ಮಸ್ಕಿಯಾಗ ಮತ್ತ ನಿಂತಿತು. ಆಮ್ಯಾಲ ಪೆಟ್ರೋಲ್ ಪಂಪ್ ಬದಲಿ ಮಾಡಿದ. ಮತ್ತ ನಿಂತಿತು. ಕಡೀಕ, ಇಲಿ ವಾಯರ್ ಕಡಿದಿರಬೇಕು, ಸುಗ್ಗಿ ಟೈಮಿನಾಗ ಗದ್ದಿ ಇಲಿ ಊರು ಸೇರತಾವ ಅಂದ. ಇಲಿನೂ ಬರೀ ಮಸ್ಕಿಯಾಗ ಕಡಿತೈತೇನೋ ಅಂತ ಕೇಳಿದೆ. "ಮೇಡಂ, ನೀವು ಸುಮ್ನ ಸಿಟ್ಟಾಗ್ತೀರಿ" ಅಂದ.

ಸುಮ್ನ ಅಂತ! ನಾನು ಸುಮ್ನ ಸಿಟ್ಟಾಗ್ತೀನಂತ.

ಅವತ್ತು ಸಂಜೀಕ ಮನಿಯಾಗ ಪಂಚಾಯ್ತಿ ಆತು. ಮೈದುನ ಬಂದಿದ್ದ. ಅಂವಗ ಗೊತ್ತಿದ್ದಾಂವ ಒಬ್ಬ ಗಾಡಿ ಕೇಳಾಕತ್ತ್ಯಾನಂತ. ಬರೂ ಅಮಾಸಿ ಕಳದ ಮ್ಯಾಲ ಕೊಟ್ಟುಬಿಡೂದು, ಅತ್ತಿಗಿ ಮೊದಲಿನಂಗ ಬಸ್ಸಿಗೆ ಹೋಗ್ಲಿ, ಒಬ್ಬಾಕಿ ಹೆಣ್ಮಗಳು ರಸ್ತೆದಾಗ ನಿಂತ್ರ ಯಾರು ಜಿಮ್ಮೇದಾರಿ ಅಂತ. ಎಲ್ಲಾ ನನ್ನ ಕಾಳಜಿ ಮ್ಯಾಲನ ಮಾತಾಡಿದ್ರು ನೋಡ್ರಿ. ನನ್ನ ಗಾಡಿ ಮಾರೂ ಮಾತಿನಾಗ ನನ್ನನ್ನ ಕೇಳೂದೊಂದು ಬಿಟ್ಟು ಉಳಿದದ್ದೆಲ್ಲ ಆತು. ನಮ್ಮ ಮನ್ಯಾವ್ರು ನನ್ನ ಮುಖ ನೋಡಲಿಲ್ಲ. ಅತ್ತಿ ಪಡಸಾಲಿಯಾಗ ಕುಂತು ಅಕ್ಕಿ ಆರಿಸಾಕತ್ತಿದ್ರು. ತಲಿ ಎತ್ತಲಾರದನ, "ಕೈ ಬರಲಾರದ್ದು ಬಿಟ್ಟು ಕೊಡಬೇಕವಾ. ಯಾಕ ಜಗಳ" ಅಂದ್ರು.

"ನೀವರ ಸುಮ್ನಿರ್ರಿ ಅತ್ತಿ" ಅಂತ ಒದರಿಬಿಟ್ಟೆ. ಹಂಗ ಅವರಿಗೆ ಎಂದೂ ಎದುರಾಡಿದಾಕಿ ಅಲ್ಲ ನಾನು. ಅವರು ಅಕ್ಕಿ ಆರಿಸೂದು ಬಿಡಲಿಲ್ಲ.

ರಾತ್ರಿ ನಿದ್ದಿ ಹತ್ತಲಿಲ್ಲ ಅಂತೇನಿಲ್ಲ, ದಣಿದಿದ್ದೆ, ಬಿದ್ದು ಮಲಗಿದೆ. ಮರುದಿನ ಒಂಬತ್ತನೇ ಕ್ಲಾಸಿನಾಗ ಪಾಠ ಹೇಳಾಕತ್ತಿದ್ದೆ. ಪ್ರಯೋಗ ಮಾಡುವಾಗ ಒಂದನ್ನ ಬದಲಿಸಿದ್ರ ಉಳಿದದ್ದೆಲ್ಲ ಇದ್ದಂಗ ಇರಬೇಕು, ಇಲ್ಲಾಂದ್ರ ಯಾವುದರಿಂದ ಏನಾತು ಅಂತ ಹೇಳಾಕ ಬರಂಗಿಲ್ಲ ಅಂತ. ಹೇಳಾಕತ್ತಿದ್ದ ಮಾತು ಅಲ್ಲೇ ನಿಂತಿತು. ಅಲ್ಲ, ನಾನೂ ಎಂಥಾ ದಡ್ಡಿ! ಮೈದುನ ಬಂದಾಗ ಕೈ ಒಂದ ಬದಲಾಗತಿದ್ದಿಲ್ಲ. ಅಷ್ಟೊತ್ತಿಗೆ ನಲವತ್ತು ನಿಮಿಷ ಕಳದಿರತಿದ್ವು. ಇಂಜಿನ್ ಆರಿರತಿತ್ತು. ಎಲ್ಲಾರೂ ಕೈ ನೋಡಿದ್ರು, ಗಡಿಯಾರ ಯಾರೂ ನೋಡಲಿಲ್ಲ. ಇಪ್ಪತ್ತು ವರ್ಷದಿಂದ ಇದನ್ನ ಬೋರ್ಡಿನ ಮ್ಯಾಲ ಬರದು ಬರದು ಸುಣ್ಣ ತಿಂದಾಕಿ, ನಾನೂ ನೋಡಿದ್ದಿಲ್ಲ. ಯಾಕಂದ್ರ ಒಳಗೊಳಗ ನನಗೂ ಹೌದೇನೋ ಅನಿಸಿತ್ತು. ಇದನ್ನ ಬರಿಯಾಕ ಈಗಲೂ ನಾಚಿಕಿ ಆಗತೈತಿ.

ಐತವಾರ ಒಬ್ಬಾಕೇ ಹೊಂಟೆ. ಮಸ್ಕಿ ಗುಡ್ಡದ ಸನೇಕ ಬೇವಿನ ಗಿಡದ ನೆಳ್ಳಿನಾಗ ನಿಲ್ಲಿಸಿ ಬಂದ್ ಮಾಡಿದೆ. ಕೂಡ್ಲೇ ತಿರುವಿದೆ, ಚಾಲೂ ಆತು. ಬಂದ್ ಮಾಡಿ ಐದು ನಿಮಿಷ ಕುಂತೆ. ತಿರುವಿದೆ, ಆಗಲಿಲ್ಲ. ಹತ್ತು ನಿಮಿಷಕ್ಕ, ಆಗಲಿಲ್ಲ. ಅವತ್ತ ಇನ್ನೊಂದು ಕಂಡಿತು. ಬೆಳಿಗ್ಗೆ ಮನಿ ಮುಂದ ಚಾವಿ ತಿರುವಿದಾಗ, ಇಂಜಿನ್ ಎಷ್ಟು ಜೋರು ತಿರಗತೈತಿ ಅಂತ ತೋರಸೂ ಮುಳ್ಳು ಸಣ್ಣಗ ಜಿಗಿತಿತ್ತು. ಇಲ್ಲಿ ಕಿರ್ ಕಿರ್ ಅಂತ ಇಂಜಿನ್ ತಿರಗಾಕತ್ತಿದ್ರೂ ಮುಳ್ಳು ಸೊನ್ನೆ ಮ್ಯಾಲ ಸತ್ತಂಗ ಬಿದ್ದಿತ್ತು. ಇಂಜಿನ್ ತಿರಗತೈತಿ, ಗಾಡಿಗೆ ಅದು ಗೊತ್ತಿಲ್ಲ! ಗೊತ್ತಾಗಲಿಲ್ಲಂದ್ರ ಕಿಡಿ ಯಾವಾಗ ಕೊಡಬೇಕು ಅಂತ ಅದಕ್ಕ ಹೆಂಗ ತಿಳೀಬೇಕು? ಇಪ್ಪತ್ತೇಳನೇ ನಿಮಿಷಕ್ಕ ಮತ್ತ ತಿರುವಿದೆ. ಮುಳ್ಳು ಜಿಗೀತು, ಗಾಡಿ ಗುರ್ ಅಂತು. ನನ್ನ ಕೈಲೇ! ಯವ್ವಾ, ಅವತ್ತು ಆ ಗಿಡದ ಬುಡಕ ಒಬ್ಬಾಕೇ ಕುಂತು ನಕ್ಕೆ, ಕಣ್ಣಾಗ ನೀರೂ ಬಂತು. ಕುರಿ ಕಾಯೋ ಹೆಣ್ಮಗಳೊಬ್ಬಾಕಿ ನಿಂತು ನೋಡಿದ್ಲು. ಹುಚ್ಚಿ ಅಂದುಕೊಂಡಿರಬೇಕು.

ಅಲ್ಲಿಂದ ನೆಟ್ಟಗ ಮೈದುನನ ಅಂಗಡಿ ಮುಂದ ನಿಲ್ಲಿಸಿದೆ. ಗಾಡಿ ಬಂದ್ ಮಾಡಿ, ಅಂವನ ಜೋಡಿ ಐದಾರು ನಿಮಿಷ ಅದೂ ಇದೂ ಮಾತಾಡಿ, ಚಾವಿ ಕೈಗೆ ಕೊಟ್ಟೆ. "ನೀವ ಚಾಲೂ ಮಾಡ್ರಿ" ಅಂದೆ. ಅಂವ ಮೀಸಿ ಮ್ಯಾಲ ಕೈ ಹಾಕ್ಕೊಂಡು ಕುಂತ. ತಿರುವಿದ. ಕಿರ್ ಕಿರ್. ಮತ್ತ ತಿರುವಿದ. ಕಿರ್ ಕಿರ್. ಐದು ಸಲ ತಿರುವಿದ. ಮುಖ ಕೆಂಪಗಾತು.

"ಈಗೇನಂತೀರಿ?" ಅಂದೆ.

"ನೀವು ಈಗಷ್ಟ ಹೊಡ್ಕೊಂಡು ಬಂದೀರಲ್ರಿ ಅತ್ತಿಗಿ. ನಿಮ್ಮ ಕೈ ಹತ್ತೇತಿ ಇದಕ್ಕ, ಬಿಡಾಕ ಟೈಮ್ ಬೇಕು" ಅಂದ.

ಅಯ್ಯ ಶಿವನ! ಚಾಲೂ ಆದ್ರ ಅಂವನ ಕೈ, ಆಗಲಿಲ್ಲಂದ್ರ ನನ್ನ ಕೈ. ಅಂಗಡಿಯಾಗಿನ ಪೈಪು ಒಂದು ತೊಗೊಂಡು ಎರಡು ಬಾರಿಸಬೇಕು ಅನಿಸಿತು. ಇಷ್ಟಕ್ಕೂ ಅಂವ ಕೆಟ್ಟಾಂವಲ್ಲ, ನನ್ನ ಮಗಳ ಆಪರೇಷನ್ನಿಗೆ ರಕ್ತ ಕೊಟ್ಟಾಂವ. ಅದಕ್ಕ ಇನ್ನಷ್ಟು ಹೊಟ್ಟಿ ಉರೀತು. ಕೆಟ್ಟೋರು ಅಂದ್ರ ಕೇಳಿಸ್ಕೊಂಡು ಬಿಟ್ಟೇವು, ನಮ್ಮವರ ನಕ್ಕೋತ ಅಂದ್ರ ಎಲ್ಲಿ ಇಟ್ಟುಕೊಳ್ಳೂದು?

ಅಮಾಸಿಗೆ ನಾಲ್ಕು ದಿನ ಉಳಿದಿತ್ತು. ರಜಾ ಹಾಕಿ, ನಮ್ಮ ಮನ್ಯಾವ್ರನ್ನ ಪಕ್ಕಕ್ಕ ಕುಂದರಿಸ್ಕೊಂಡು ಲಿಂಗಸುಗೂರಿಗೆ ಹೋದೆ. ಅಲ್ಲಿ ಲ್ಯಾಪ್‌ಟಾಪ್ ಹಚ್ಚಿ ನೋಡೂ ಮಿಸ್ತ್ರಿ ಒಬ್ಬಾಂವ ಅದಾನ ಅಂತ ಯಾರೋ ಹೇಳಿದ್ರು. ಅಂವನೂ ಅದ ಜಾತಿ. ವಾಯರ್ ಚುಚ್ಚಿ, ಪರದೆ ನೋಡಿ, "ಸರ್, ಎಲ್ಲಾ ಓಕೆ ಐತಿ, ಯಾವ ಫಾಲ್ಟೂ ತೋರ್ಸವಲ್ದು" ಅಂದ. ಸರ್‌ಗೆ ಹೇಳಿದ. ಸರ್ ನನ್ನ ಕಡೆ ನೋಡಿದ್ರು.

"ಬಿಸಿ ಇದ್ದಾಗ ಮುಳ್ಳು ಎದ್ದಾಡಂಗಿಲ್ಲ" ಅಂದೆ.

"ಸರ್, ಒಂದಿನ ಗಾಡಿ ಬಿಟ್ಟು ಹೋಗ್ರಿ, ನೋಡೂಣು."

"ಮುಳ್ಳು ಎದ್ದಾಡಂಗಿಲ್ಲ ಅಂದ್ನಿ."

"ಸ್ಟಾರ್ಟರ್ ಮೋಟರ್ ವೀಕ್ ಇರಬಹುದು ಸರ್."

ಅಷ್ಟೊತ್ತಿಗೆ ನನ್ನ ಸಹನಿ ಮುಗಿದಿತ್ತು. ಗ್ಯಾರೇಜಿನಾಗ ನಾಲ್ಕು ಮಂದಿ ಇದ್ರು, ಇರ್ಲಿ ಅಂತ ಒದರಿದೆ. "ಅವರ ಮುಖದಾಗೇನೈತಿ? ಗಾಡಿ ಹೊಡ್ಯಾಕಿ ನಾನು. ನನ್ನ ಕಡೆ ನೋಡಿ ಮಾತಾಡು. ಈಗ ಬಂದ್ ಮಾಡಿ ಏಳು ನಿಮಿಷಾತು. ಆ ನಿನ್ನ ಪೆಟಿಗಿ ಹಚ್ಚಿಟ್ಟುಕೊಂಡ ಚಾವಿ ತಿರುವು, ಇಂಜಿನ್ ಎಷ್ಟು ತಿರಗತೈತಿ ಅಂತ ಅದರಾಗ ಬರತೈತಲ್ಲ, ಅದನ್ನ ಓದಿ ಹೇಳು. ಅದೊಂದ ಮಾಡು, ಸಾಕು." ನಮ್ಮ ಮನ್ಯಾವ್ರು ಗಾಬರಿಯಾಗಿ ನಿಂತ್ರು. ಮದುವಿಯಾಗಿ ಇಪ್ಪತ್ತನಾಲ್ಕು ವರ್ಷಕ್ಕ ನನ್ನ ಕ್ಲಾಸ್‌ರೂಮಿನ ದನಿ ಅವರು ಕೇಳಿದ್ದು ಅವತ್ತ ಮೊದಲು.

ಅಂವ ತಿರುವಿದ. ಕಿರ್ ಕಿರ್. ಪರದೆ ನೋಡಿದ. ಮತ್ತ ತಿರುವಿದ. ಮತ್ತ ನೋಡಿದ. "ಸೊನ್ನೆ ತೋರ್ಸತೈತಿ" ಅಂದ, ತನ್ನಷ್ಟಕ್ಕ ಅಂದಂಗ. ಆಮ್ಯಾಲ ಗಾಡಿ ಕೆಳಗ ಹೋಗಿ ಅಂಗಾತ ಮಲಗಿ, ಇಂಜಿನ್ನೂ ಗೇರ್ ಪೆಟಿಗಿನೂ ಕೂಡೂ ಜಾಗದಾಗ ಕೈ ಹಾಕಿ, ಒಂದು ಹಸಿ ಬಟ್ಟಿ ಕೊಡ್ರಿ ಅಂದ. ಅಲ್ಲಿ ತಂಪು ಬಟ್ಟಿ ಒತ್ತಿ ಹಿಡಕೊಂಡ. ಎರಡು ಮೂರು ಸಲ ನೀರು ಹೊಡೆದ. "ಈಗ ತಿರುವ್ರಿ ಮೇಡಂ" ಅಂದ. ಮೇಡಂ ಅಂದ ನೋಡ್ರಿ! ನಾನು ಕುಂತು ತಿರುವಿದೆ. ಮುಳ್ಳು ಎದ್ದಿತು, ಗಾಡಿ ಎದ್ದಿತು.

ಬಿಚ್ಚಿ ತೋರ್ಸಿದ. ಹೆಬ್ಬೆರಳಿನಷ್ಟು ಕರೇ ಪ್ಲಾಸ್ಟಿಕ್ಕಿನ ಸಾಮಾನು, ತುದಿಗೆ ಅಯಸ್ಕಾಂತ. ಇಂಜಿನ್ ತಿರಗೂದನ್ನ ಎಣಿಸಿ ಮ್ಯಾಲ ಸುದ್ದಿ ಮುಟ್ಟಸೂ ಸೆನ್ಸರ್. ಒಳಗಿನ ತಂತಿ ಎಲ್ಲೋ ಸಣ್ಣಗ ಬಿರುಕು ಬಿಟ್ಟೈತಿ. ತಂಪಿದ್ದಾಗ ಕೂಡಿಕೊಂಡಿರತೈತಿ, ಕಾವು ಹತ್ತಿದ್ರ ಬಿಟ್ಟುಕೊಳ್ಳತೈತಿ. ನಿಂತ ಮ್ಯಾಲ ಗಾಳಿ ಆಡಂಗಿಲ್ಲ, ಇನ್ನೂ ಕಾಯತೈತಿ. ಅದಕ್ಕ ಐದು ನಿಮಿಷಕ್ಕ ಕೈ ಕೊಡತೈತಿ, ಅರ್ಧ ತಾಸಿಗೆ ತಾನ ಸುಧಾರಿಸ್ಕೊಳ್ಳತೈತಿ. ಇಷ್ಟ. ಇದಕ್ಕ ಒಂದು ಬ್ಯಾಟರಿ, ಒಂದು ಪಂಪು, ಒಂದು ಊರಿನ ಇಲಿ, ಮತ್ತ ನನ್ನ ಎರಡೂ ಕೈ ಬಲಿ ಕೊಟ್ಟಿದ್ರು.

"ಮುಳ್ಳು ಎದ್ದಾಡಂಗಿಲ್ಲ ಅಂತ ಮೊದಲ ಹೇಳಬೇಕಿತ್ತಲ್ರಿ ಮೇಡಂ" ಅಂದ ಮಿಸ್ತ್ರಿ.

ಹೊಸಾದಕ್ಕ ಎಷ್ಟಾಗತೈತಿ ಅಂತ ಅಷ್ಟ ಕೇಳಿದೆ. ಹೆಚ್ಚಿಗೆ ಮಾತಾಡಿದ್ರ ಅವತ್ತು ಗ್ಯಾರೇಜಿಗೆ ಪೊಲೀಸರು ಬರಬೇಕಾಗ್ತಿತ್ತು.

ಹೊಸಾ ಸೆನ್ಸರ್ ಹಾಕಿಸ್ಕೊಂಡು ಬರುವಾಗ ಮಸ್ಕಿ ಬಂಕಿನಾಗ ಬೇಕಂತನ ನಿಲ್ಲಿಸಿದೆ. ಆರು ನಿಮಿಷ, ಚಾಲೂ. ಹತ್ತು ನಿಮಿಷ, ಚಾಲೂ. ಬಂಕಿನಾಂವಗೂ ತೋರ್ಸಿದೆ, ನಗ್ಲಿ ಈಗ ಅಂತ. ನಮ್ಮ ಮನ್ಯಾವ್ರು ಅಲ್ಲೇ ತಮ್ಮಗ ಫೋನ್ ಹಚ್ಚಿ, "ಗಿರಾಕಿಗೆ ಇಲ್ಲ ಅಂತ ಹೇಳಿಬಿಡು, ಗಾಡಿ ಅಕಿದು" ಅಂದ್ರು. ಮೊದಲ ಅನ್ನಬೇಕಾಗಿದ್ದ ಮಾತು. ತಡ ಆಗಿ ಬಂತು ಅಂತ ನನಗ ಇನ್ನೂ ಸಿಟ್ಟೈತಿ, ಅವರಿಗೂ ಹೇಳೀನಿ. ಮೈದುನ ಫೋನಿನಾಗ ಏನಂದ ಗೊತ್ತೇನ್ರಿ? "ಆ ಮಿಸ್ತ್ರಿ ಕೈಗುಣ ಚಲೋ ಐತಿ ಬಿಡಣ್ಣ" ಅಂದನಂತ.

ಮನಿಗೆ ಬಂದು ಸೀರಿ ಸೆರಗು ಸಿಕ್ಕಿಸ್ಕೊಂಡು ಅಡಗಿ ಮನಿಗೆ ಹೊಂಟಿದ್ದೆ. ಅತ್ತಿ ಕರದ್ರು. ಪಡಸಾಲಿಯಾಗ ಅವರೊಬ್ಬರ ಇದ್ರು. ಏನಾತು ಗಾಡಿಗೆ ಅಂತ ಕೇಳಿದ್ರು. ಹೇಳಿದೆ, ಕಾವಿಗೆ ಒಂದು ಸಾಮಾನು ಕೆಟ್ಟಿತ್ತು ಅಂತ. ಅವರು ಹೂಂ ಅಂದ್ರು. ಆಮ್ಯಾಲ, "ಒಂದು ಮಾತು ಹೇಳ್ತೀನಿ, ನಗಬಾರದು ನೀ" ಅಂದ್ರು.

ಅವರು ಮುಕ್ಕುಂದಕ್ಕ ಮದುವಿಯಾಗಿ ಬಂದ ವರ್ಷ, ಹೊಸಾ ಸೊಸಿ ಅಂತ ಸಸಿ ಮಡಿಗೆ ಮೊದಲ ಮುಷ್ಟಿ ಬೀಜ ಅವರ ಕೈಲೆ ಹಾಕ್ಸಿದ್ರಂತ. ಮಡಿಗೆ ಮಡಿನ ಮೊಳಕಿ ಒಡೀಲಿಲ್ಲ. ನಮ್ಮ ಮಾವ ಗದ್ದಿ ಬದುವಿನ ಮ್ಯಾಲ ನಿಂತು, ಆಳು ಮಕ್ಕಳೆಲ್ಲ ಕೇಳೂ ಹಂಗ, ಇಕಿ ಕೈ ಇನ್ನೊಮ್ಮೆ ಬೀಜಕ್ಕ ಹಚ್ಚಬ್ಯಾಡ್ರಿ ಅಂದಿದ್ರಂತ. ಅವತ್ತಿಂದ ಪ್ರತಿ ವರ್ಷ ನಾದಿನಿ ಚೆಲ್ಲೂದು, ಇವರು ಸೆರಗಿನಾಗ ಕೈ ಮುಚ್ಚಿಕೊಂಡು ಬದುವಿನ ಮ್ಯಾಲ ನಿಲ್ಲೂದು. ಐವತ್ತು ವರ್ಷ ಆತಂತ. ಈ ಮನಿಯಾಗ ಇಷ್ಟು ವರ್ಷ ಇದ್ದು ನನಗ ಇದು ಗೊತ್ತಿದ್ದಿಲ್ಲ.

"ಆ ವರ್ಷ ಬೀಜ ಎಲ್ಲಿ ಇಟ್ಟಿದ್ರಿ ಅತ್ತಿ?" ಅಂತ ಕೇಳಿದೆ.

"ಅಡಗಿ ಮನಿ ಅಟ್ಟದ ಮ್ಯಾಲ. ಹೊಸಾ ಬೀಜ, ಇಲಿ ಮುಟ್ಟಬಾರದು ಅಂತ ನಿಮ್ಮ ಮಾವನೇ ಇಟ್ಟಿದ್ರು."

"ಕೆಳಗ ಒಲಿ?"

"ಒಲಿನ ಮತ್ತ. ಬೆಳಕು ಹರಿದ್ರ ಹಚ್ಚೂದು, ಮಲಗೂ ಹೊತ್ತಿಗೆ ಆರಸೂದು."

"ಎಷ್ಟು ದಿನ ಇತ್ತು ಅಲ್ಲಿ?"

"ಬ್ಯಾಸಗಿ ಪೂರ್ತಿ."

"ಅತ್ತಿ, ಅಷ್ಟು ದಿನ ಕಾವು ಹತ್ತಿದ್ರ ಬೀಜ ಉಳಿಯಂಗಿಲ್ಲ. ನೀವು ಕೈಯಾಗ ತೊಗೊಳ್ಳೂದಕ್ಕ ಮೊದಲ ಅದು ಸತ್ತಿತ್ತು" ಅಂದೆ.

ಅತ್ತಿ ತಮ್ಮ ಎರಡೂ ಅಂಗೈ ತಿರುವಿ ತಿರುವಿ ನೋಡಿಕೊಂಡ್ರು. ಅಳತಾರೇನೋ ಅಂದುಕೊಂಡೆ, ಅಳಲಿಲ್ಲ.

"ನಿಮ್ಮ ಮಾವ ಇರಬೇಕಿತ್ತವಾ ಇವತ್ತು" ಅಂದ್ರು.

"ಇದ್ದಿದ್ರ ಏನ್ ಮಾಡ್ತಿದ್ರಿ?"

"ಬಾಯಿಗೆ ಬಂದಂಗ ಬೈತಿದ್ದೆ" ಅಂದ್ರು.